ಎರಡನೆಯದು ಸ್ವಚ್ಛವಾಗಿದೆ

ಇಂಡಿ
೩ ಆಗಸ್ಟ್ ೨೦೨೫

ಪ್ರೀತಿಯ ಬಂದಗಿಸಾಬ ಕಾಕಾ ಅವರಿಗೆ,

ಪ್ರಜ್ಞಾಳ ಜೈಭೀಮ.

ಫೋನ್ ಹಚ್ಚಿದಾಗಲೆಲ್ಲ ನಿಮ್ಮ ಸೊಸೆ ಮುಬೀನಾಳೇ ಎತ್ತುತ್ತಾಳೆ. “ಮಾಮಾ ಫೋನಿನ್ಯಾಗ ಮಾತಾಡಂಗಿಲ್ಲಂತ್ರಿ ಅಕ್ಕಾರ, ಏನಿದ್ರೂ ಪತ್ರ ಬರೀರಿ ಅಂದಾರ” ಎನ್ನುತ್ತಾಳೆ. ಮೆಹರುನ್ನಿಸಾ ಕಾಕಿ ತೀರಿಕೊಂಡ ಮೇಲೆ ನಿಮಗೆ ಫೋನು, ಮಾತು, ಮಂದಿ ಎಲ್ಲ ಬೇಸರವಾಗಿರಬೇಕು. ಇರಲಿ, ಬರೆಯುತ್ತೇನೆ. ಬಾಗೇವಾಡಿಯ ನಿಮ್ಮ ಕ್ಯಾಸೆಟ್ ಸ್ಟುಡಿಯೋದಲ್ಲಿ ಮೈಕಿನ ಮುಂದೆ ಉಸಿರು ಬಿಡಲೂ ಹೆದರುತ್ತಿದ್ದವಳಿಗೆ ಕೆಲಸ ಕಲಿಸಿದವರು ನೀವು. ಈಗ ಸಾಲಿಯಲ್ಲಿ ಟೀಚರ್ ಆಗಿದ್ದರೂ ಸಂಜೆ ಮನೆಗೆ ಬಂದು ಅದೇ ಕೆಲಸಕ್ಕೆ ಕೂಡುತ್ತೇನೆ. ಇಂಥ ಮಾತನ್ನು ನಿಮಗಲ್ಲದೆ ಯಾರಿಗೆ ಕೇಳಲಿ?

ಲಚ್ಯಾಣದ ಒಬ್ಬ ಹೆಣ್ಣುಮಗಳು ಹಾಡುವ ಬೀಸುಕಲ್ಲಿನ ಪದಗಳನ್ನು ರೆಕಾರ್ಡ್ ಮಾಡುತ್ತಿದ್ದೇನೆ. ವಯಸ್ಸಾಗಿದೆ, ದನಿ ಸಣ್ಣದಾಗಿದೆ, ಆದರೆ ಒಂದು ಪದವನ್ನೂ ಮರೆತಿಲ್ಲ. ತೊಂದರೆ ಏನೆಂದರೆ, ಅವರು ಕೂಡುವ ಕೋಣೆಯಲ್ಲಿ ಒಂದು ಯಂತ್ರ ಸದಾ ಗುಂಯ್ ಎನ್ನುತ್ತಿರುತ್ತದೆ. ಗೋಡೆಗೆಲ್ಲ ಕೌದಿ ಕಟ್ಟಿ ನೋಡಿದೆ, ಆ ಸದ್ದು ಹೋಗಲಿಲ್ಲ. ಅದನ್ನು ದನಿಯಿಂದ ಬಿಡಿಸಿ ತೆಗೆಯುವ ಹೊಸ ಸಾಫ್ಟ್‌ವೇರ್ ಬಂದಿದೆ. ಅದು ನನ್ನ ಕಂಪ್ಯೂಟರಿನ ಹಳೆಯ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುವುದಿಲ್ಲ. ಹೊಸದು ಹಾಕಿಸಬೇಕು. ಹಾಕಿಸಿದರೆ ನೀವು ಕೊಟ್ಟ, ಮೈಕಿನ ದನಿಯನ್ನು ಕಂಪ್ಯೂಟರಿಗೆ ಇಳಿಸುವ ಸೌಂಡ್ ಕಾರ್ಡಿನ ಪೆಟ್ಟಿಗೆ ಅದರ ಜೊತೆ ಹೊಂದಿಕೊಳ್ಳುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಹೊಂದಿಸುವ ಡ್ರೈವರ್ ಸಾಫ್ಟ್‌ವೇರ್ ಹೊಸದು ಬರುವುದು ನಿಂತು ಎಷ್ಟೋ ವರ್ಷವಾಯಿತು.

ಕಂಪ್ಯೂಟರ್ ಅಂಗಡಿಯ ಬಸಣ್ಣನಿಗೆ ಕೇಳಿದರೆ, “ಹಾಕ್ಸೇಬಿಡ್ರಿ ಟೀಚರ್, ಇನ್ನೆಷ್ಟ ದಿನಾ ಹಳೇದ ಹಿಡಕೊಂಡ ಕುಂದರ್ತೀರಿ” ಎನ್ನುತ್ತಾನೆ. ಅವನದು ಬಿಲ್ಲು ಮಾಡುವ ಕಂಪ್ಯೂಟರುಗಳ ಲೆಕ್ಕ, ದನಿಯದಲ್ಲ. ಹೊಸ ಪೆಟ್ಟಿಗೆ ತರಿಸಿ, ಅದನ್ನು ಕಲಿತು, ಆಮೇಲೆ ಕೆಲಸ ಹಿಡಿಯುವಷ್ಟು ಪುರುಸೊತ್ತು ನನಗಿಲ್ಲ.

ಹಾಕಿಸಲೋ ಬೇಡವೋ, ನೀವು ಹೇಳಿದಂತೆ ಮಾಡುತ್ತೇನೆ.

ನಿಮ್ಮ
ಪ್ರಜ್ಞಾ


ಬಸವನ ಬಾಗೇವಾಡಿ
೧೦ ಆಗಸ್ಟ್ ೨೦೨೫

ಮಗಳು ಪ್ರಜ್ಞಾಳಿಗೆ ಬಂದಗಿಸಾಬನ ದುವಾ.

ನಿನ್ನ ಪತ್ರ ಬಂದದ್ದು ಬಹಳ ಸಂತೋಷ. ಈಗ ನನಗೆ ಯಾರು ಏನು ಕೇಳುತ್ತಾರೆ? ಎಲ್ಲರ ಕೈಯಲ್ಲೂ ಮೊಬೈಲಿದೆ, ಎಲ್ಲರೂ ರೆಕಾರ್ಡಿಂಗ್ ಮಾಡುವವರೇ. ದಿನಕ್ಕೊಂದು ಪತ್ರ ಬರೆದರೂ ಉತ್ತರ ಕೊಡುತ್ತೇನೆ. ಫೋನ್ ಮಾತ್ರ ಬೇಡ. ಫೋನಿನಲ್ಲಿ ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದಾದರೆ ತಿರುಗಿ ಓದಬಹುದು.

ಸರಿಯಾಗಿ ನಡೆಯುತ್ತಿರುವ ಕಂಪ್ಯೂಟರಿಗೆ ಕೈ ಹಚ್ಚಬೇಡ. ಇದು ನನ್ನ ಮಾತು. ಆ ಗುಂಯ್ ಎನ್ನುವ ಯಂತ್ರ ಯಾವುದು? ಕೂಲರೋ, ಪಕ್ಕದ ಮನೆಯ ಹಿಟ್ಟಿನ ಗಿರಣಿಯೋ? ಏನಾದರೂ ಇರಲಿ, ಹಾಡು ಮುಗಿಯುವವರೆಗೆ ಬಂದ್ ಮಾಡಿಸು. ಇದರಲ್ಲಿ ಯೋಚನೆ ಮಾಡುವುದೇನಿದೆ? ನಮ್ಮ ಸ್ಟುಡಿಯೋಕ್ಕೆ ಬಂದ ದೊಡ್ಡ ದೊಡ್ಡ ಹಾಡುಗಾರರು ಸೆಕೆ ತಾಳದೆ ಫ್ಯಾನ್ ಹಾಕು ಎಂದರೆ ನಾನು ಹಾಕುತ್ತಿರಲಿಲ್ಲ. ಬೆವರಿಕೊಂಡೇ ಹಾಡುತ್ತಿದ್ದರು. ನಿನ್ನ ಲಚ್ಯಾಣದ ಹಾಡುಗಾರ್ತಿ ಅಷ್ಟು ಹೊತ್ತು ತಡೆದುಕೊಳ್ಳಲಾರಳೇ? ನೀನು ಮೆತ್ತಗೆ ಹೇಳುತ್ತೀ, ಅದಕ್ಕೇ ಮಾಡುವುದಿಲ್ಲ. ಗಟ್ಟಿಯಾಗಿ ಹೇಳು.

ಇನ್ನೊಂದು ಮಾತು. ಬೀಸುವ ಪದಕ್ಕಾಗಿ ಲಚ್ಯಾಣದವರೆಗೆ ಯಾಕೆ ಹೋದೆ? ನಿಮ್ಮವ್ವ ಗುಂಡವ್ವ ಮನೆಯಲ್ಲೇ ಇದ್ದಾಳಲ್ಲ. ನಿನಗೆ ಬುತ್ತಿ ತಂದವಳು ಒಮ್ಮೆ ನಮ್ಮ ಅಂಗಳದಲ್ಲಿ ಕೂತು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಒಳಗೆ ಭಜನಾ ಮೇಳದವರ ರೆಕಾರ್ಡಿಂಗ್ ನಡೆದಿತ್ತು. ನಾನು ಟೇಪ್ ನಿಲ್ಲಿಸಿ ಕಿಟಕಿ ತೆಗೆದು ನಿಂತುಬಿಟ್ಟೆ. ಭಜನಾದವರು ಸಿಟ್ಟಾದರು, ಆಗಲಿ ಬಿಡು. ಅವಳನ್ನು ಕೂಡಿಸಿ ಹಾಡಿಸು.

ಇಂತಿ,
ಬಂದಗಿಸಾಬ


ಇಂಡಿ
೨೧ ಆಗಸ್ಟ್ ೨೦೨೫

ಕಾಕಾ ಅವರಿಗೆ ಜೈಭೀಮ.

ಯಂತ್ರ ಬಂದ್ ಮಾಡಿ ನೋಡಿದ್ದಾಯಿತು. ಅದು ಆಗುವ ಮಾತಲ್ಲ. ದಯವಿಟ್ಟು ಇನ್ನೊಮ್ಮೆ ಅದನ್ನು ಬರೆಯಬೇಡಿ.

ಹಾಗಾಗಿ ಉಳಿದದ್ದು ಹೊಸ ಆಪರೇಟಿಂಗ್ ಸಿಸ್ಟಮ್ ಒಂದೇ. ಬಸಣ್ಣ ಬೇರೆ ಒಂದು ಡಿಸ್ಕಿನ ಮೇಲೆ ಅದನ್ನು ಹಾಕಿಕೊಟ್ಟ. ಪರೀಕ್ಷೆಗೆ ಒಂದೇ ಪದವನ್ನು ಎರಡು ಸಲ ಹಾಡಿಸಿದೆ, ಮೊದಲು ಹಳೆಯದರ ಮೇಲೆ, ಆಮೇಲೆ ಹೊಸದರ ಮೇಲೆ. ಎರಡೂ ಈ ಪತ್ರದ ಜೊತೆಗಿರುವ ಪೆನ್‌ಡ್ರೈವಿನಲ್ಲಿವೆ. ಹೊಸದರಲ್ಲಿ ಯಂತ್ರದ ಸದ್ದು ನಿಜವಾಗಿಯೂ ಹೋಗಿದೆ. ಆದರೆ ನಡುವೆ ಒಂದು ಕಡೆ ದನಿ ಎಳೆ ಹರಿದಂತೆ ಅನ್ನಿಸುತ್ತದೆ. ತಿರುಗಿ ಕೇಳಿದರೆ, ಇಲ್ಲ, ಉಸಿರು ಎಳೆದುಕೊಂಡದ್ದು ಅನ್ನಿಸುತ್ತದೆ. ಅವರಿಗೆ ಉಸಿರಿನ ತ್ರಾಸ ಸ್ವಲ್ಪ ಇದೆ. ಬಸಣ್ಣ “ಏನೂ ಇಲ್ರಿ” ಎಂದ. ನಮ್ಮ ಅನಿಲಕುಮಾರನೂ ಹಾಗೇ ಹೇಳಿದ. ತಮ್ಮನ ಮಾತನ್ನು ನಂಬಲೇ? ನನ್ನ ಕಿವಿಯನ್ನೇ ನಾನು ನಂಬುತ್ತಿಲ್ಲ. ಚೆನ್ನಾಗಿರಲಿ ಎಂದು ಮೊದಲೇ ಬಯಸಿ ಕೇಳುವ ಕಿವಿ ಇದು.

ನೀವು ಕೇಳಿ. ಹರಿದಿದೆ ಎಂದರೆ ಬಿಟ್ಟುಬಿಡುತ್ತೇನೆ. ಗುಂಯ್ ಸದ್ದಿನೊಂದಿಗೇ ಹಳೆಯದರ ಮೇಲೆ ಹಾಡಿಸುತ್ತೇನೆ. ಸರಿ ಇದೆ ಎಂದರೆ ಪೂರ್ತಿ ಹೊಸದಕ್ಕೆ ಬದಲಾಯಿಸುತ್ತೇನೆ. ಹಾಡಿದವರ ದನಿ ನಿಮಗೆ ಹೇಗನ್ನಿಸಿತು ಎಂಬುದನ್ನೂ ಬರೆಯಿರಿ.

ಅವ್ವ ಆರಾಮ ಇದ್ದಾಳೆ. ನಿಮ್ಮನ್ನು ಕೇಳಿದಳು.

ಪ್ರಜ್ಞಾ


ಬಸವನ ಬಾಗೇವಾಡಿ
೩೦ ಆಗಸ್ಟ್ ೨೦೨೫

ಮಗಳು ಪ್ರಜ್ಞಾಳಿಗೆ ದುವಾ.

ಪೆನ್‌ಡ್ರೈವ್ ಮುಟ್ಟಿತು. ಬಾಗಿಲು ಹಾಕಿಕೊಂಡು ಎರಡನ್ನೂ ಮತ್ತೆ ಮತ್ತೆ ನೋಡಿದೆ, ಕೇಳಿದೆ. ನಾನು ಮೊದಲು ಬೇಡ ಎಂದಿದ್ದೆ. ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಎರಡನೆಯದು ಸ್ವಚ್ಛವಾಗಿದೆ. ಪದ ನಿಂತಲ್ಲಿ ನಿಶ್ಶಬ್ದ ಎಂದರೆ ನಿಶ್ಶಬ್ದ, ನಮ್ಮ ಟೇಪಿನ ಕಾಲದಲ್ಲಿ ಇದು ಕನಸಿನಲ್ಲೂ ಇರಲಿಲ್ಲ. ಎಳೆ ಹರಿದದ್ದು ನಿನ್ನ ಅನುಮಾನ. ನೀನು ಮೊದಲಿನಿಂದಲೂ ಹಾಗೆಯೇ, ಎಲ್ಲ ಸರಿ ಇದ್ದಾಗಲೂ ತಂತಿ ಅಲುಗಾಡಿಸಿ ನೋಡುವವಳು. ಧೈರ್ಯವಾಗಿ ಬದಲಾಯಿಸು.

ಲಚ್ಯಾಣದವಳ ದನಿ ಪರವಾಗಿಲ್ಲ, ಗಟ್ಟಿಯಾಗಿದೆ. ಆದರೆ ಗುಂಡವ್ವನ ದನಿಯ ಸಿಹಿ ಇವಳಿಗೆ ಬರುವುದಿಲ್ಲ ಬಿಡು. ಇದನ್ನು ನಿಮ್ಮವ್ವನಿಗೆ ಓದಿ ಹೇಳು, ಖುಷಿ ಆದಾಳು.

ಬಂದಗಿಸಾಬ


ಇಂಡಿ
೧೧ ಸೆಪ್ಟೆಂಬರ್ ೨೦೨೫

ಕಾಕಾ ಅವರಿಗೆ,

ನಿಮ್ಮ ಪತ್ರ ಓದಿ ಹೇಳಿದೆ.

ಬಸಣ್ಣ ಹಳೆಯದನ್ನು ಪೂರ್ತಿ ಅಳಿಸಿ ಹೊಸದನ್ನು ಹಾಕಿದ. ಸಾಲಿ ಬಿಟ್ಟು ಬಂದ ಕೂಡಲೇ ಹಾಡಿಸಲು ಕೂಡುತ್ತೇನೆ. ಕೆಲವು ದಿನ ಒಂದು ಪದ, ಕೆಲವು ದಿನ ಎರಡು, ಕೆಲವು ದಿನ ಏನೂ ಇಲ್ಲ. ನಾನು ಹೆಡ್‌ಫೋನ್ ಹಾಕಿಕೊಂಡು ಎದುರಿಗೆ ಕೂತಿರುತ್ತೇನೆ, ದನಿ ಚೆನ್ನಾಗಿಯೇ ಬರುತ್ತಿದೆ. ತಿರುಗಿ ಹಾಕಿ ಕೇಳುವ ಕೆಲಸ ಇನ್ನೂ ಮಾಡಿಲ್ಲ. ಅದಕ್ಕೆ ಹೊತ್ತು ಕಳೆಯುವ ಬದಲು ಇನ್ನೊಂದು ಪದ ಹಾಡಿಸಿಕೊಂಡರೆ ಅಷ್ಟೇ ಲಾಭ. ಎಲ್ಲ ಮುಗಿದ ಮೇಲೆ ಒಟ್ಟಿಗೆ ಕೇಳುತ್ತೇನೆ.

ಹೆಚ್ಚಿಗೆ ಬರೆಯಲು ಆಗುತ್ತಿಲ್ಲ.

ಪ್ರಜ್ಞಾ


ಬಸವನ ಬಾಗೇವಾಡಿ
೨೬ ಅಕ್ಟೋಬರ್ ೨೦೨೫

ಮಗಳು ಪ್ರಜ್ಞಾಳಿಗೆ ಬಂದಗಿಸಾಬನ ದುವಾ.

ಯಾಕೆ ಸುಮ್ಮನಾದೆ? ಅಂಚೆಯವನು ನಮ್ಮ ಓಣಿಗೆ ಬಂದರೆ ನಾನೇ ಎದ್ದು ಹೊರಗೆ ಹೋಗುತ್ತೇನೆ, ಅವನು ಕೈ ಆಡಿಸಿ ಮುಂದೆ ಹೋಗುತ್ತಾನೆ. ಕೆಲಸ ಮುಗಿದ ಮೇಲೆ ಕಾಕಾನ ನೆನಪು ಯಾಕೆ ಅಲ್ಲವೇ? ತಮಾಷೆಗೆ ಬರೆದೆ, ಸಿಟ್ಟಾಗಬೇಡ.

ಮಗ ಮುದ್ದೇಬಿಹಾಳದ ಕೆಲಸದಿಂದ ವಾರಕ್ಕೊಮ್ಮೆ ಬರುತ್ತಾನೆ. ಸ್ಟುಡಿಯೋದ ಕೋಣೆಯನ್ನು ಬಾಡಿಗೆಗೆ ಕೊಡೋಣ ಎನ್ನುತ್ತಾನೆ. ಪ್ರಜ್ಞಾ ಇನ್ನೂ ಕೆಲಸ ಕೇಳುತ್ತಾಳೆ, ಪೆಟ್ಟಿಗೆಗಳು ಇಲ್ಲೇ ಇರಲಿ ಎಂದೆ ನಾನು.

ಪದಗಳು ಮುಗಿದಿದ್ದರೆ ಒಂದು ಪ್ರತಿ ಕಳಿಸು. ಗುಂಡವ್ವನಿಗೆ ನನ್ನ ಸಲಾಮು. ಅವಳನ್ನು ಹಾಡಿಸಿದೆಯೋ ಇಲ್ಲವೋ ನೀನು ಬರೆಯಲೇ ಇಲ್ಲ.

ಬಂದಗಿಸಾಬ


ಇಂಡಿ
೧೭ ನವೆಂಬರ್ ೨೦೨೫

ಕಾಕಾ,

ನಿನ್ನೆ ರವಿವಾರ ನಿಮ್ಮ ಮನೆಗೆ ಬಂದಿದ್ದೆ. ಚಹಾ ಕುಡಿಸಿದಿರಿ, ಬಸ್ ನಿಲ್ದಾಣದವರೆಗೆ ಕಳಿಸಲು ಬಂದಿರಿ. ನಾನು ಅಲ್ಲಿ ಏನೇನು ಅಂದೆ ಎಂಬುದು ನಿಮಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವ್ವ ಇಲ್ಲ. ಅಕ್ಟೋಬರ್ ಮೊದಲ ವಾರದಲ್ಲಿ ಹೋದಳು. ಲಚ್ಯಾಣದ ಹಾಡುಗಾರ್ತಿ ಎಂಬುವರು ಯಾರೂ ಇರಲಿಲ್ಲ. ನಿಮಗೆ ಕಳಿಸಿದ ಎರಡೂ ದನಿ ಅವ್ವನದೇ.

ಬೇಸಿಗೆಯಿಂದಲೇ ಅವಳ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿತ್ತು. ವಿಜಯಪುರದ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಗುಂಯ್ ಎನ್ನುತ್ತಿದ್ದದ್ದು ಅವಳ ಆಕ್ಸಿಜನ್ ಯಂತ್ರ. ನಿಮಗೆ ತಿಳಿಸೋಣ ಎಂದರೆ ಅವ್ವ ಒಪ್ಪಲಿಲ್ಲ. “ಹೆಂಡ್ತಿ ಹೋಗಿ ಇನ್ನಾ ವರ್ಷ ಆಗಿಲ್ಲ ಆ ಮನಷ್ಯಾಗ. ನನ್ನ ಸುದ್ದಿ ಹೇಳಿ ಮತ್ತ ಯಾಕ ಅಳಸ್ತಿ? ಯಾರರೆ ಬ್ಯಾರೆ ಹೆಣ್ಮಗಳ ಅಂತ ಬರಿ” ಎಂದಳು. ಹಾಗೆ ಬರೆದೆ.

ಯಂತ್ರ ಬಂದ್ ಮಾಡಿಸು ಎಂದು ನೀವು ಬರೆದ ಪತ್ರವನ್ನು ಅವಳಿಗೆ ಓದುವಾಗ ಆ ಸಾಲುಗಳನ್ನು ಬಿಟ್ಟೆ. “ಏನೋ ನುಂಗಿದಿ, ಓದು” ಎಂದಳು. ಓದಿದೆ. ಮರುದಿನ ನಾನು ಮೈಕ್ ಸರಿಮಾಡುತ್ತಿದ್ದಾಗ ತಾನೇ ಕೈ ಚಾಚಿ ಸ್ವಿಚ್ ಒತ್ತಿದಳು.

“ಬಂದಗಿಸಾಬಣ್ಣ ಖರೇ ಹೇಳ್ಯಾನ. ಸುಮ್ನಿರು, ಒಂದ ಪದಾ ಹಾಡ್ತೇನಿ.”

ಅರ್ಧ ಪದಕ್ಕೆ ತುಟಿ ಕಪ್ಪಾದವು. ನಾನು ಓಡಿಹೋಗಿ ಯಂತ್ರ ಹಚ್ಚಿದರೆ, ಹಾಡು ಕೆಡಿಸಿದೆ ಎಂದು ನನ್ನನ್ನೇ ಬಯ್ದಳು. ಮುಂದೆ ಮೂರು-ನಾಲ್ಕು ದಿನ ಎದ್ದು ಕೂಡಲು ಆಗಲಿಲ್ಲ. ಹೊಸ ಸಿಸ್ಟಮ್ ಹಾಕಿಸಿಯೇ ಸೈ ಎಂದು ನಾನು ಹಟ ಹಿಡಿದದ್ದು ಅವತ್ತು. ಯಂತ್ರ ನಡೆಯುತ್ತಿರಲಿ, ಅದರ ಸದ್ದನ್ನು ಕಂಪ್ಯೂಟರ್ ತೆಗೆಯಲಿ ಎಂದು.

ಪೆನ್‌ಡ್ರೈವ್ ಕಳಿಸುವಾಗ ನನಗೆ ಒಳಗೊಳಗೆ ಹೆದರಿಕೆ ಇತ್ತು. ಕಾಕಾ ಮೊದಲ ಸಾಲಿಗೇ ಅವ್ವನ ದನಿ ಗುರುತು ಹಿಡಿಯುತ್ತಾರೆ, ಸುಳ್ಳು ಬಯಲಾಗುತ್ತದೆ ಎಂದು. ಖರೆ ಹೇಳಬೇಕೆಂದರೆ ಗುರುತು ಹಿಡಿಯಲಿ ಎಂದೇ ಇತ್ತು. ಅವ್ವನಿಗೂ ಅಷ್ಟೇ. ನಿಮ್ಮ ಉತ್ತರ ಬಂದಾಗ ಮೊದಲು ಕೇಳಿದ್ದು ಅದನ್ನೇ.

“ನನ್ನ ದನಿ ಹಿಡದ್ನೇನು ಅಣ್ಣ?”

ನಾನು ಸುಳ್ಳು ಹೇಳಬಹುದಿತ್ತು. ತೋಚಲಿಲ್ಲ. ಗುಂಡವ್ವನ ಸಿಹಿ ಇವಳಿಗೆ ಬರುವುದಿಲ್ಲ ಎಂದು ನೀವು ಬರೆದದ್ದನ್ನೇ ಓದಿಬಿಟ್ಟೆ. “ಅಂವಾ ಹಿಡೀಲಿಲ್ಲಂದ್ರ ನನ್ನ ದನಿ ಹೋತ ಬಿಡವಾ” ಎಂದಳು. ಆಮೇಲೂ ಹಾಡಿದಳು. ನನಗಾಗಿ ಹಾಡಿದಳು, ತನಗಾಗಿ ಅಲ್ಲ.

ಮಣ್ಣು ಮಾಡಿ ಬಂದು, ನೆಂಟರೆಲ್ಲ ಹೋದ ಮೇಲೆ ಕಂಪ್ಯೂಟರ್ ಹಚ್ಚಿದೆ. ಎಲ್ಲ ಪದಗಳೂ ಹರಿದಿವೆ. ಹೊಸ ಸಿಸ್ಟಮ್ಮಿಗೂ ಹಳೆಯ ಪೆಟ್ಟಿಗೆಗೂ ಹೊಂದಿಕೆ ಆಗಿಲ್ಲ. ಸ್ವಲ್ಪ ಹಾಡು ಆಗುತ್ತಲೇ ಒಂದು ಚೂರು ದನಿ ಕೈಬಿಟ್ಟು ಹೋಗುತ್ತದೆ, ಮತ್ತೆ ಬರುತ್ತದೆ. ಹೆಡ್‌ಫೋನಿಗೆ ದನಿ ಪೆಟ್ಟಿಗೆಯಿಂದ ನೇರ ಬರುತ್ತಿತ್ತು, ಕಂಪ್ಯೂಟರಿಗೆ ಹೋಗಿ ಬರುತ್ತಿರಲಿಲ್ಲ. ಅದಕ್ಕೇ ನನಗೆ ಆಗ ತಿಳಿಯಲಿಲ್ಲ. ಪರೀಕ್ಷೆಯ ಪದದಲ್ಲಿ ನನಗೆ ಅನುಮಾನ ಬಂದ ಜಾಗದಲ್ಲಿ ಆಗಿದ್ದೂ ಇದೇ.

ಇದನ್ನು ಕೇಳಲೆಂದೇ ಸಿಂದಗಿಯಲ್ಲಿ ಬಸ್ ಬದಲಿಸಿ ನಿಮ್ಮಲ್ಲಿಗೆ ಬಂದೆ. ಪಡಸಾಲೆಯಲ್ಲಿ ಕೂತಿದ್ದಿರಿ.

“ಬಾ ಮಗಳ, ಬಾ. ಎಷ್ಟ ಸೊರಗೀದಿ! ಗುಂಡವ್ವ ಹೆಂಗದಾಳ?” ಎಂದಿರಿ.

“ಅವ್ವ ಹೋದಳ್ರಿ ಕಾಕಾ” ಎಂದೆ.

“ಎಲ್ಲಿಗಿ, ಅಗರಖೇಡಕ್ಕೇನು? ಹೋಗ್ಲಿ ಬಿಡು. ನಾಕ ದಿವಸ ಊರಾಗ ಇದ್ದ ಬರ್ಲಿ” ಎಂದು ನಕ್ಕಿರಿ.

“ನೀವು ಕೇಳೇ ಇಲ್ಲೇನ್ರಿ? ಕೇಳಲಾರದ ಸ್ವಚ್ಛ ಐತಿ ಅಂತ ಹೆಂಗ ಬರದ್ರಿ? ಅವ್ವನ ದನಿ ಹಾಳಾತ್ರಿ, ಎಲ್ಲಾ ಹಾಳಾತು” ಎಂದು ಚೀರಿದೆ. ನೀವು ನನ್ನ ಮುಖ ನೋಡುತ್ತ ತಲೆಯಾಡಿಸಿದಿರಿ. “ಹೂಂ, ಹೂಂ. ಚಲೋ ಆತು. ಮೊದಲ ಚಹಾ ಕುಡಿ” ಎಂದಿರಿ.

ಆಗ ಮುಬೀನಾ ಅಡುಗೆಮನೆಯಿಂದ ಬಂದು ನಿಮ್ಮ ಬೆನ್ನ ಹಿಂದೆ ನಿಂತಳು. ತನ್ನ ಕಿವಿ ಮುಟ್ಟಿಕೊಂಡು ಕೈ ಅಲ್ಲಾಡಿಸಿದಳು. “ಅಕ್ಕಾರ, ಮಾಮಾಗ ಏನೂ ಕೇಳಸಂಗಿಲ್ರಿ. ಅತ್ತಿ ಹೋಗೂಕಿಂತ ಮೊದಲ ಕಿವಿ ಪೂರಾ ಹೋಗ್ಯಾವ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಸ್ಯಾರ. ನೀವು ಕಳಿಸಿದ್ದ ನನ್ನ ಕೈಯಾಗ ಕೊಟ್ಟಿದ್ರ ನಾನರೆ ಕೇಳಿ ಹೇಳ್ತಿದ್ನಿ. ನನ್ನ ಹೊರಗ ಕಳಿಸಿ ಬಾಗಲಾ ಹಾಕ್ಕೊಂಡ್ರು” ಎಂದು ಅತ್ತಳು. ಇದೆಲ್ಲ ನಡೆಯುವಾಗ ನೀವು ನನ್ನ ಬಸ್ಸಿಗೆ ಹೊತ್ತಾಗುತ್ತದೆ ಎಂದು ಚಪ್ಪಲಿ ಹುಡುಕುತ್ತಿದ್ದಿರಿ. ನಾನೇ ಬರೆದು ತಿಳಿಸುತ್ತೇನೆ, ನೀನು ಹೇಳಬೇಡ ಎಂದು ಮುಬೀನಾಳಿಗೆ ಹೇಳಿ ಬಂದೆ.

ಹಳೆಯ ಸಿಸ್ಟಮ್ ತಿರುಗಿ ಹಾಕಿಕೊಡುತ್ತೇನೆ ಎನ್ನುತ್ತಾನೆ ಬಸಣ್ಣ. ಹಾಕಿಸಿ ಯಾರನ್ನು ಹಾಡಿಸಲಿ?

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ನನ್ನಿಂದ ಆಗುವುದಿಲ್ಲ.

ಪ್ರಜ್ಞಾ


ಬಸವನ ಬಾಗೇವಾಡಿ
೪ ಡಿಸೆಂಬರ್ ೨೦೨೫

ಪ್ರಜ್ಞಾ,

ಬಹಳ ದಿನ ಪೆನ್ನು ಹಿಡಿಯಲು ಧೈರ್ಯ ಬರಲಿಲ್ಲ. ಗುಂಡವ್ವ ಹೋದಳು ಎಂದು ನೀನು ನನ್ನ ಎದುರಿಗೆ ನಿಂತು ಹೇಳಿದೆ, ನಾನು ನಕ್ಕೆ. ಆ ನಗು ನೆನಪಾದರೆ ಊಟ ಇಳಿಯುವುದಿಲ್ಲ.

ನಾನು ಹೇಗೆ ಪರೀಕ್ಷೆ ಮಾಡಿದೆ ಎಂದು ಕೇಳಿದ್ದೀಯಲ್ಲ, ಹೇಳುತ್ತೇನೆ. ದನಿ ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಮೊದಲನೆಯದರಲ್ಲಿ ಪದ ನಿಂತ ಜಾಗದಲ್ಲೆಲ್ಲ ಹುಲ್ಲು ಚಿಗುರಿದಂತೆ ಇತ್ತು. ಅದು ಯಂತ್ರದ ಸದ್ದು. ಎರಡನೆಯದರಲ್ಲಿ ಅಲ್ಲಿ ನೇರ ಗೆರೆ. ಸ್ಪೀಕರಿನ ಮೇಲೆ ಅಂಗೈ ಇಟ್ಟೂ ನೋಡಿದೆ, ದನಿ ಬಂದಾಗ ಅದುರಿತು, ನಿಂತಾಗ ನಿಂತಿತು. ಸ್ವಚ್ಛ ಎಂದು ಬರೆದೆ. ಕಣ್ಣಿನಿಂದ ನೋಡಿದ್ದನ್ನು ಕಿವಿಯಿಂದ ಕೇಳಿದೆ ಎಂದು ಬರೆದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಕೇಳಿದವನಂತೆ ಕಾಣಬೇಕಲ್ಲ, ಅದಕ್ಕೆ ಹಾಡಿದವಳ ದನಿಯ ಬಗ್ಗೆಯೂ ಒಂದು ಮಾತು ಸೇರಿಸಿದೆ. ಗುಂಡವ್ವನನ್ನು ಹೊಗಳುತ್ತಿದ್ದೇನೆ ಎಂದೇ ತಿಳಿದಿದ್ದೆ. ಆ ಮಾತು ಅವಳ ಎದೆಗೆ ಹೋಗಿ ತಾಗಿದೆ.

ಒಮ್ಮೆಲೇ ಹೋದ ಕಿವಿಯಲ್ಲ ಇದು. ಮೊದಲು ಹಕ್ಕಿಗಳು ಹೋದವು, ಆಮೇಲೆ ಹೆಂಗಸರ ದನಿ, ಕಡೆಗೆ ಮಸೀದಿಯ ಬಾಂಗು. ನಿಮ್ಮ ಕಾಕಿ ಕಡೆಯ ದಿನ ನನ್ನ ಕೈ ಹಿಡಿದು ಏನೋ ಹೇಳಿದಳು. ನನಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳು ಎಂದರೆ ದಣಿಯುತ್ತಾಳೆಂದು “ಹೂಂ” ಎಂದೆ. ಅವಳು ಸಮಾಧಾನದಿಂದ ಕಣ್ಣು ಮುಚ್ಚಿದಳು. ಯಾವುದಕ್ಕೆ ಒಪ್ಪಿಕೊಂಡೆನೋ ನನಗೆ ಇಂದಿಗೂ ಗೊತ್ತಿಲ್ಲ. ಅವತ್ತಿನಿಂದ ಎಲ್ಲದಕ್ಕೂ ಹೂಂ ಅನ್ನುವುದೇ ರೂಢಿಯಾಯಿತು. ಕಿವಿ ಇಲ್ಲ ಎಂದರೆ ನೀನೂ ಪತ್ರ ಬರೆಯುವುದನ್ನು ಬಿಡುತ್ತೀ ಎಂಬ ಹೆದರಿಕೆ. ಇಷ್ಟು ಸಣ್ಣ ಹೆದರಿಕೆಗೆ ಇಷ್ಟು ದೊಡ್ಡದನ್ನು ಕಳೆದೆ. ಕ್ಷಮಿಸು ಎಂದು ಕೇಳುವುದಿಲ್ಲ.

ಕೆಲಸದ ಒಂದು ಮಾತು ಮಾತ್ರ ಹೇಳುತ್ತೇನೆ, ಅದನ್ನೂ ಬೇಕಾದರೆ ತೆಗೆದುಕೋ. ಟೇಪ್ ತುಂಡಾದಾಗ ಅದೇ ಹಾಡುಗಾರನ ಬೇರೆ ಹಾಡಿನಿಂದ ಅದೇ ಶಬ್ದವನ್ನು ಬ್ಲೇಡಿನಿಂದ ಕತ್ತರಿಸಿ ಜೋಡಿಸುತ್ತಿದ್ದೆ. ಗುಂಡವ್ವನ ಪದಗಳಲ್ಲಿ ಹೋದ ಶಬ್ದ ಯಾವುದೆಂದು ಗೊತ್ತಾದರೆ ಅವಳದೇ ದನಿಯಿಂದ ತಂದು ಕೂಡಿಸಬಹುದು. ಪದ ಬಲ್ಲವರನ್ನು ಕೂಡಿಸಿ ಕೇಳಿಸು. ಈ ಸಲ ಮುಬೀನಾಳ ಕಿವಿಯನ್ನೂ ಕೇಳುತ್ತೇನೆ.

ಮತ್ತೆ ಪತ್ರ ಬರೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಬರೆಯುವುದಾದರೆ ಅವಳ ದನಿ ಹೇಗಿತ್ತು ಎಂದು ಬರೆ. ನಾನು ಬಾಗಿಲು ಹಾಕಿಕೊಂಡು ಅದರ ಎದುರಿಗೇ ಕೂತಿದ್ದೆ, ನನಗೆ ಕೇಳಲಿಲ್ಲ.

ಬಂದಗಿಸಾಬ


ಇಂಡಿ
೧೧ ಜನವರಿ ೨೦೨೬

ಕಾಕಾ ಅವರಿಗೆ,

ಉತ್ತರ ಬರೆಯಬಾರದು ಎಂದುಕೊಂಡಿದ್ದೆ.

ಹೋದ ವಾರ ಅವ್ವನ ಊರು ಅಗರಖೇಡಕ್ಕೆ ಹೋಗಿದ್ದೆ. ಅವ್ವನ ಜೊತೆ ಬೀಸುತ್ತಿದ್ದವರಲ್ಲಿ ಇಂದ್ರಾಬಾಯಿ ಇದ್ದಾಳೆ, ಇನ್ನಿಬ್ಬರು ಮುದುಕಿಯರಿದ್ದಾರೆ. ಇಂದ್ರಾಬಾಯಿಯ ಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಹಾಡು ಹಚ್ಚಿದೆ. ಅವ್ವನ ದನಿ ಬರುತ್ತಲೇ ಮೂವರೂ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಮೆಲ್ಲಗೆ ಅವಳ ಜೊತೆ ಹಾಡತೊಡಗಿದರು. ದನಿ ಹರಿದ ಜಾಗ ಬಂದರೆ ಇವರ ಹಾಡು ನಿಲ್ಲುತ್ತಿರಲಿಲ್ಲ, ಅದನ್ನು ದಾಟಿ ಹೋಗುತ್ತಿತ್ತು. ಮುಗಿದ ಮೇಲೆ “ಎಲ್ಲೆಲ್ಲಿ ಬಿಟ್ಟೈತಿ, ಗೊತ್ತಾತೇನ್ರಿ?” ಎಂದು ಕೇಳಿದೆ. ಇಂದ್ರಾಬಾಯಿ, “ಏನ ಬಿಟ್ಟೈತಿ? ಎಲ್ಲಾ ಹಾಡ್ಯಾಳಲ್ಲ ಗುಂಡಿ” ಎಂದಳು. ಅವರಿಗೆ ಹರಿದದ್ದು ತಿಳಿಯಲೇ ಇಲ್ಲ. ಅವರು ಹಾಡಿದ್ದನ್ನೆಲ್ಲ ಬರೆದುಕೊಂಡು ಬಂದೆ. ನೀವು ಹೇಳಿದಂತೆ ಅವ್ವನ ಬೇರೆ ಪದಗಳಿಂದ ಶಬ್ದ ತಂದು ಕೂಡಿಸುತ್ತಿದ್ದೇನೆ. ಕೆಲವು ಕೂಡುತ್ತವೆ, ಕೆಲವು ಅಕ್ಕಪಕ್ಕದ ದನಿಗೆ ಹೊಂದದೆ ಬೇರೆಯೇ ಕೇಳುತ್ತವೆ. ಮುಬೀನಾಳಿಗೆ ಕಳಿಸುತ್ತೇನೆ.

ಒಂದು ಪದ ಮಾತ್ರ ಅವರಾರಿಗೂ ಬರುವುದಿಲ್ಲ. ಅದು ಹಳೆಯದಲ್ಲ, ಅವ್ವ ಕಡೆಯ ದಿನಗಳಲ್ಲಿ ತಾನೇ ಕಟ್ಟಿ ಹಾಡಿದ್ದು. ನಾನು ಚಿಕ್ಕವಳಿದ್ದಾಗ ಮೊದಲ ಸಲ ಸಾಲಿಗೆ ಹೋದ ದಿನದ ಮೇಲೆ ಕಟ್ಟಿದ್ದಾಳೆ. ನನಗೆ ಕೇಳುವುದು ಇಷ್ಟು:

ಕಲ್ಲ ತಿರುವಿದ ಕೈಗೆ ಕಲ್ಲಪಾಟಿ ದಕ್ಕಲಿಲ್ಲ
ಪಾಟಿ ಹಿಡದಾಳ ನನ ಮಗಳ, ಆಕಿ ಬರದ

ಆಮೇಲೆ ಇಲ್ಲ. ಆಮೇಲೆ “ನೋಡಿ ನಾ ಅತ್ತೇನಿ” ಎಂದಿದೆ.

ಪಾಟಿಯ ಮೇಲೆ ನಾನು ಬರೆದ ಏನನ್ನು ನೋಡಿ ಅತ್ತಳು? ‘ಹೆಸರ’ ಎಂದಿರಬೇಕು ಎನ್ನುತ್ತಾನೆ ಅನಿಲಕುಮಾರ. ಇಂದ್ರಾಬಾಯಿ “ಅವ್ವಾ ಅಂತ ಬರದಿರಬೇಕ, ಮತ್ತೇನ ಬರದೀ” ಎನ್ನುತ್ತಾಳೆ. ನನಗೆ ನೆನಪಿಲ್ಲ. ಅವಳು ಹಾಡಿದಾಗ ನಾನು ಎದುರಿಗೇ ಇದ್ದೆ, ಹೆಡ್‌ಫೋನಿನಲ್ಲಿ ಪೂರ್ತಿ ಪದ ನನ್ನ ಕಿವಿಗೆ ಬಿದ್ದಿದೆ. ಆದರೆ ನನ್ನ ಕಣ್ಣು ಪರದೆಯ ಮೇಲಿತ್ತು. ದನಿ ಕೆಂಪು ಗೆರೆ ದಾಟಬಾರದೆಂದು ಮೀಟರ್ ಕಾಯುತ್ತಿದ್ದೆ. ನಾನೂ ನೋಡುತ್ತಿದ್ದೆ ಕಾಕಾ, ಕೇಳುತ್ತಿರಲಿಲ್ಲ.

‘ಹೆಸರ’ ಎಂಬ ಶಬ್ದ ಅವಳ ಇನ್ನೊಂದು ಪದದಲ್ಲಿ ಇದೆ, ರಾಗವೂ ಹೊಂದುತ್ತದೆ. ಜೋಡಿಸಿದರೆ ಯಾರಿಗೂ ಗೊತ್ತಾಗದು. ಜೋಡಿಸಲಿಲ್ಲ.

ಅವಳ ದನಿ ಹೇಗಿತ್ತು ಎಂದು ಬರೆಯಲು ಹೇಳಿದ್ದಿರಿ. ಈ ಪದದಲ್ಲಿ ಹೇಗಿದೆ ಎಂದು ಬರೆಯುತ್ತೇನೆ. ‘ಕಲ್ಲ ತಿರುವಿದ’ ಎಂಬಲ್ಲಿ ದನಿ ಒಣಗಿದೆ, ಕೆಳಗಿದೆ, ಬೀಸುವಾಗ ಗೂಟ ಹಿಡಿದು ಮೊದಲ ಸುತ್ತು ತಿರುಗಿಸಿದಂತೆ ತಡೆತಡೆದು ಬರುತ್ತದೆ. ‘ನನ ಮಗಳ’ ಎಂಬಲ್ಲಿ ಉಸಿರು ಸಾಲದೆ ಎರಡು ಸಲ ಎಳೆದುಕೊಳ್ಳುತ್ತಾಳೆ. ‘ಆಕಿ ಬರದ’ ಎಂಬಲ್ಲಿ ದನಿ ಮೇಲೆ ಏರುತ್ತದೆ, ಮುಂದಿನ ಶಬ್ದವನ್ನು ಹೇಳಲು ಅವಸರ ಮಾಡಿದಂತೆ. ಅಲ್ಲಿಗೆ ಹರಿಯುತ್ತದೆ. ತಿರುಗಿ ದನಿ ಬಂದಾಗ ‘ನೋಡಿ ನಾ ಅತ್ತೇನಿ’ ಎನ್ನುತ್ತಿದ್ದಾಳೆ, ಆದರೆ ದನಿಯಲ್ಲಿ ಅಳು ಇಲ್ಲ. ನಗು ತಡೆಯಲಾರದೆ ಹಾಡುತ್ತಿದ್ದಾಳೆ. ನಾನು ಬರೆದದ್ದು ಏನೇ ಇರಲಿ, ಅವಳಿಗೆ ನಗು ತರಿಸುವಂಥದ್ದು.

ಅಷ್ಟು ಮಾತ್ರ ಕೇಳುತ್ತದೆ.

ಪ್ರಜ್ಞಾ